ಕರ್ತೃಪದ ಕಾಣದ ಹಣ

‘ರಾಮನು ಮರವನ್ನು ಕಡಿದನು’ ಎಂದು ಕರಿಹಲಗೆಯ ಮೇಲೆ ಬರೆದು ಕರ್ತೃಪದ ಯಾವುದೆಂದು ಕೇಳಿದರೆ ಎಂಟನೆಯ ತರಗತಿಯ ಮಕ್ಕಳೆಲ್ಲ ಕೈಯೆತ್ತುತ್ತಾರೆ. ‘ಮರವು ಕಡಿಯಲ್ಪಟ್ಟಿತು’ ಎಂದು ಬರೆದರೆ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ. ಮರವೇನೋ ಬಿದ್ದಿದೆ, ಕೊಡಲಿ ಹಿಡಿದವನು ಎಲ್ಲಿ? ಕರ್ಮಣಿ ಪ್ರಯೋಗದ ಗುಣವೇ ಅದು. ಕೆಲಸ ಆಗಿರುತ್ತದೆ, ಮಾಡಿದವನು ಮರೆಯಲ್ಲಿರುತ್ತಾನೆ. ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆಗಳಲ್ಲಿ 28 ವರ್ಷ ಕನ್ನಡ ಕಲಿಸಿದ ನನಗೆ ಯಾವ ಬರಹ ಕೈಗೆ ಸಿಕ್ಕಿದರೂ ಮೊದಲು ಕರ್ತೃಪದ ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಈಚೆಗೆ ಹಾಗೆ ಹುಡುಕಿದ್ದು ಡಿಜಿಟಲ್ ಹಣದ ಬರಹಗಳಲ್ಲಿ.

ಕಥೆ, ಕವಿತೆಗಳನ್ನು ವಿಮರ್ಶೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಜಾಹೀರಾತನ್ನು, ಕರಪತ್ರವನ್ನು, ಮೊಬೈಲಿಗೆ ಬರುವ ಆಹ್ವಾನವನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ನಾವು ಹೆಂಗಸರು ದಿನಾ ಓದುವುದು ಮಾತ್ರ ಅವನ್ನೇ. ಆದ್ದರಿಂದ ಬಿಟ್‌ಕಾಯಿನ್ ಮತ್ತು ಅದರ ಬಂಧುಬಳಗದ ಬರಹಗಳನ್ನು ಒಂದು ಸಾಹಿತ್ಯ ಪ್ರಕಾರವೆಂದೇ ತಿಳಿದು ಓದಿ ನೋಡೋಣ.

ಈ ಪ್ರಕಾರದ ಮೂಲಗ್ರಂಥ 9 ಪುಟದ ಒಂದು ಲೇಖನ. 2008ರ ಅಕ್ಟೋಬರ್ 31ರಂದು ಪ್ರಕಟವಾಯಿತು. ಬರೆದವರ ಹೆಸರು ಸತೋಶಿ ನಕಾಮೊಟೊ. ಅದೊಂದು ಕಾವ್ಯನಾಮವೆಂದೇ ಎಲ್ಲರೂ ತಿಳಿದಿದ್ದಾರೆ. ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಂಬುದು ಈವರೆಗೆ ಖಚಿತವಾಗಿಲ್ಲ. ಕರ್ತೃ ಮಾಯವಾದದ್ದು ಮೊದಲ ಪುಟದಿಂದಲೇ ಎನ್ನಿ. ಆದರೂ ಅದು ಒಳ್ಳೆಯ ಬರವಣಿಗೆ ಎಂದು ಒಪ್ಪಬೇಕು. ಆಡಂಬರವಿಲ್ಲ, ಕೋಟ್ಯಧೀಶರಾಗುವಿರಿ ಎಂಬ ಆಸೆ ತೋರಿಸುವುದಿಲ್ಲ. ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳು ಕುಸಿಯುತ್ತಿದ್ದ ಆ ದಿನಗಳಲ್ಲಿ ಅದು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ನಡುವೆ ಬ್ಯಾಂಕಿಲ್ಲದೆ ಒಬ್ಬರು ಇನ್ನೊಬ್ಬರಿಗೆ ದೂರದಿಂದ ಹಣ ಕೊಡಲು ಸಾಧ್ಯವೇ? ಒಂದೇ ನಾಣ್ಯವನ್ನು ಇಬ್ಬರಿಗೆ ಕೊಟ್ಟು ಮೋಸ ಮಾಡದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರವನ್ನು ನಮ್ಮ ಚೀಟಿಯ ಲೆಕ್ಕದಿಂದ ತಿಳಿಯಬಹುದು. ಚೀಟಿ ನಡೆಸುವಾಕೆಯ ಬಳಿ ಒಂದೇ ಪುಸ್ತಕವಿದ್ದರೆ ಆಕೆಯನ್ನು ನಂಬಲೇಬೇಕು. ಸದಸ್ಯರೆಲ್ಲರ ಬಳಿ ಅದೇ ಪುಸ್ತಕದ ಪ್ರತಿ ಇದ್ದು, ಹೊಸ ಲೆಕ್ಕ ಬರೆದಾಗಲೆಲ್ಲ ಎಲ್ಲರ ಪ್ರತಿಯಲ್ಲೂ ಅದು ಸೇರುವಂತಿದ್ದರೆ, ಒಬ್ಬಳು ತಿದ್ದಿದರೂ ಉಳಿದವರ ಪುಸ್ತಕ ಅದನ್ನು ಸುಳ್ಳೆನ್ನುತ್ತದೆ. ಬಿಟ್‌ಕಾಯಿನ್ ಇಂಥ ಪುಸ್ತಕ. 2009ರ ಜನವರಿಯಲ್ಲಿ ಶುರುವಾಯಿತು. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷ ದಾಟದಂತೆ ನಿಯಮವನ್ನೂ ಹಾಕಿಟ್ಟರು. ಯಾರನ್ನೂ ನಂಬಬೇಕಾಗಿಲ್ಲ, ಲೆಕ್ಕವನ್ನು ನಂಬಿದರೆ ಸಾಕು ಎಂಬುದು ಇದರ ತಿರುಳು.

ತೊಡಕು ಎದ್ದದ್ದು ಪುಸ್ತಕದ ಒಳಗಲ್ಲ, ಬಾಗಿಲಲ್ಲಿ. ನನ್ನ ಕೈಯಲ್ಲಿರುವುದು ರೂಪಾಯಿ. ಅದು ನಾಣ್ಯವಾಗಬೇಕಾದರೆ ಯಾರಾದರೂ ಮಾರಬೇಕು. ಮತ್ತೆ ರೂಪಾಯಿಯಾಗಬೇಕಾದರೆ ಯಾರಾದರೂ ಕೊಳ್ಳಬೇಕು. 2010ರ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬಾತ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡದ್ದು ಈಗ ಪುರಾಣದಂತಾಗಿದೆ. ಅಲ್ಲಿಯೂ ಪಿಜ್ಜಾ ಅಂಗಡಿ ನಾಣ್ಯ ಪಡೆಯಲಿಲ್ಲ. ನಡುವಿನವನೊಬ್ಬ ನಾಣ್ಯ ತೆಗೆದುಕೊಂಡು ಪಿಜ್ಜಾಕ್ಕೆ ಮಾಮೂಲಿ ದುಡ್ಡು ತೆತ್ತ. ದಲ್ಲಾಳಿ ಬೇಡವೆಂದು ಹುಟ್ಟಿದ ಹಣಕ್ಕೆ ಮೊದಲ ದಿನವೇ ದಲ್ಲಾಳಿ ಬೇಕಾದ! ಮುಂದೆ ದಲ್ಲಾಳಿಗಳು ದೊಡ್ಡವರಾದರು. 2014ರ ಫೆಬ್ರವರಿಯಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ಎಂಬ ವಿನಿಮಯ ಕೇಂದ್ರ ದಿವಾಳಿಯಾದಾಗ ಸುಮಾರು 8 ಲಕ್ಷ 50 ಸಾವಿರ ಬಿಟ್‌ಕಾಯಿನ್ ಕಾಣೆಯಾಗಿವೆ ಎಂದಿತು. ಅವುಗಳಲ್ಲಿ ಸುಮಾರು 2 ಲಕ್ಷ ಆಮೇಲೆ ಸಿಕ್ಕವು. ಯಾರನ್ನೂ ನಂಬಬೇಡಿ ಎಂದ ಪುಸ್ತಕದ ಓದುಗರು ಅಂಗಡಿಯವನನ್ನು ನಂಬಿ ಕೆಟ್ಟರು.

ನಮ್ಮ ರಾಜ್ಯದಲ್ಲೂ ಈ ಬಾಗಿಲಿನ ಕಥೆ ನಡೆದಿದೆ. ಯುನೊಕಾಯಿನ್ ಎಂಬ ಸಂಸ್ಥೆ 2013ರಲ್ಲಿ ಶುರುವಾಗಿ ರೂಪಾಯಿ ಕೊಟ್ಟು ಬಿಟ್‌ಕಾಯಿನ್ ಕೊಳ್ಳುವ, ಮಾರುವ ವ್ಯವಸ್ಥೆ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು ರಿಸರ್ವ್ ಬ್ಯಾಂಕು ಸಾರ್ವಜನಿಕರಿಗೆ ಮೊದಲ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ ಇಂಥ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ಹೇಳಿ ಮೂರು ತಿಂಗಳ ಗಡುವು ಹಾಕಿತು. ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೆ ಈ ಸಂಸ್ಥೆ ಆ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಕೆಂಪ್ ಫೋರ್ಟ್ ಮಾಲಿನಲ್ಲಿ ನಗದು ಹಾಕುವ ಯಂತ್ರವೊಂದನ್ನು ಇಟ್ಟಿತು. ಕೆಲವೇ ದಿನಗಳಲ್ಲಿ ಪೊಲೀಸರು ಯಂತ್ರವನ್ನು ವಶಪಡಿಸಿಕೊಂಡು ಸಂಸ್ಥಾಪಕರಿಬ್ಬರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನೇ ರದ್ದುಮಾಡಿತು.

ಇಲ್ಲಿ ಭಾಷೆಯ ಒಂದು ಸೂಕ್ಷ್ಮವಿದೆ. 2018ರ ಬಜೆಟ್ ಭಾಷಣದಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ಹೇಳಿದ್ದು, ಇವನ್ನು ಸರ್ಕಾರ ಅಧಿಕೃತ ಚಲಾವಣೆಯ ಹಣವೆಂದು ಒಪ್ಪುವುದಿಲ್ಲ ಎಂದು. ‘ಅಧಿಕೃತವಲ್ಲ’ ಎಂಬುದು ಬೇರೆ, ‘ಅಪರಾಧ’ ಎಂಬುದು ಬೇರೆ. ನಮ್ಮ ಶಾಲೆಯ ಗೇಟಿನ ಬಳಿ ನೆಲ್ಲಿಕಾಯಿ ಮಾರುವಾಕೆ ಶಾಲೆಯ ಅಧಿಕೃತ ಅಂಗಡಿಯವಳಲ್ಲ, ಹಾಗೆಂದು ಕಳ್ಳಿಯೂ ಅಲ್ಲ. ಈ ಎರಡು ಪದಗಳ ನಡುವಿನ ಸಂದಿಯಲ್ಲಿಯೇ ಪ್ರಚಾರದವರು ನುಗ್ಗಿದರು. ‘ತಪ್ಪೇನೂ ಅಲ್ಲ’ ಎಂಬುದನ್ನು ‘ಸುರಕ್ಷಿತ’ ಎಂದು ಓದಿಸಿದರು. 2022ರಿಂದ ಇದರ ಲಾಭಕ್ಕೆ ಶೇಕಡಾ 30 ತೆರಿಗೆ ಬಂದಾಗಲೂ ‘ಸರ್ಕಾರವೇ ಒಪ್ಪಿದೆ’ ಎಂದರು. ತೆರಿಗೆ ಹಾಕುವುದು ಆಶೀರ್ವಾದವಲ್ಲ.

2021ರ ಟಿ20 ವಿಶ್ವಕಪ್ ಪಂದ್ಯಗಳ ನಡುವೆ ಬಂದ ಜಾಹೀರಾತುಗಳು ನಿಮಗೂ ನೆನಪಿರಬಹುದು. ಸಿನಿಮಾ ನಟರು ನಕ್ಕು ಕರೆಯುತ್ತಿದ್ದರು. ನೂರು ರೂಪಾಯಿ ಇದ್ದರೂ ಸಾಕು ಎನ್ನುವ ಧಾಟಿ. ಯಾರನ್ನೂ ನಂಬಬೇಕಿಲ್ಲ ಎಂದು ಹುಟ್ಟಿದ ವಸ್ತುವನ್ನು ಮಾರಲು ಎಲ್ಲರೂ ನಂಬುವ ಮುಖವನ್ನು ಬಾಡಿಗೆಗೆ ತರಬೇಕಾಯಿತು. ಮೂಲಗ್ರಂಥಕ್ಕೂ ಅದರ ವ್ಯಾಖ್ಯಾನಕ್ಕೂ ಇಷ್ಟು ದೂರ ಬಂದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಜಾಹೀರಾತು ಗುಣಮಟ್ಟ ಮಂಡಳಿ 2022ರ ಏಪ್ರಿಲ್ 1ರಿಂದ ನಿಯಮ ತಂದಿತು. ಜಾಹೀರಾತಿನಲ್ಲಿ ‘ಕರೆನ್ಸಿ’ ಎಂಬ ಪದ ಬಳಸಬಾರದು. ಪತ್ರಿಕೆಯಲ್ಲಾದರೆ ಐದರಲ್ಲಿ ಒಂದು ಪಾಲು ಜಾಗವನ್ನು ಎಚ್ಚರಿಕೆಗೆ ಬಿಡಬೇಕು. ಎಚ್ಚರಿಕೆಯ ಸಾರಾಂಶ ಇಷ್ಟು: ಇವು ನಿಯಂತ್ರಣಕ್ಕೆ ಒಳಪಟ್ಟಿಲ್ಲ, ಅಪಾಯ ಹೆಚ್ಚು, ನಷ್ಟವಾದರೆ ನಿಯಂತ್ರಕರಿಂದ ಪರಿಹಾರ ಇಲ್ಲದಿರಬಹುದು. ಪ್ರಾಮಾಣಿಕ ಮಾತೇ. ಆದರೆ ಕರ್ತೃಪದ ಹುಡುಕಿ ನೋಡಿ. ನಷ್ಟ ‘ಆಗುತ್ತದೆ’, ಪರಿಹಾರ ‘ಇರುವುದಿಲ್ಲ’. ನಷ್ಟ ಮಾಡುವವರು ಯಾರು, ಹೊಣೆ ಹೊರುವವರು ಯಾರು ಎಂಬುದಿಲ್ಲ. ಮೇಲಿನ ಚಿತ್ರದಲ್ಲಿ ನಗುವ ಮುಖ, ಕೆಳಗಿನ ವಾಕ್ಯದಲ್ಲಿ ಮುಖವೇ ಇಲ್ಲ.

ಇದಕ್ಕಿಂತ ಕೀಳಾದ ಬರಹವೂ ಉಂಟು, ಮತ್ತು ಅದು ನಮ್ಮ ವೃತ್ತಿಯ ವೇಷದಲ್ಲಿ ಬಂತು. 2014ರಲ್ಲಿ ಶುರುವಾದ ಒನ್‌ಕಾಯಿನ್ ತನ್ನ ನಾಣ್ಯವನ್ನು ‘ಶಿಕ್ಷಣದ ಪ್ಯಾಕೇಜು’ ಎಂದು ಮಾರಿತು. ಪಾಠ ಕೊಂಡರೆ ನಾಣ್ಯ ಬರುತ್ತದೆ, ಇನ್ನೊಬ್ಬರಿಂದ ಕೊಳ್ಳಿಸಿದರೆ ಕಮಿಷನ್ ಬರುತ್ತದೆ. ಬಿಟ್‌ಕಾಯಿನ್ನಿಗೆ ಇರುವಂಥ ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕ ಅದಕ್ಕೆ ಇರಲೇ ಇಲ್ಲ. ಅದನ್ನು ಸ್ಥಾಪಿಸಿದ ರುಜಾ ಇಗ್ನಾಟೊವಾ 2017ರ ಅಕ್ಟೋಬರಿನಲ್ಲಿ ಕಣ್ಮರೆಯಾದಳು. ಜಗತ್ತಿನಾದ್ಯಂತ ಜನ ಕಳೆದುಕೊಂಡದ್ದು 400 ಕೋಟಿ ಡಾಲರಿಗೂ ಹೆಚ್ಚು ಎಂದು ಅಮೆರಿಕದ ಸರ್ಕಾರಿ ವಕೀಲರು ಹೇಳಿದ್ದಾರೆ.

ಇದೆಲ್ಲ ದೂರದ ಮಾತೆನ್ನಬೇಡಿ. ಅಜ್ಜಂಪುರದಲ್ಲಿ ನನ್ನೊಡನೆ ಕೆಲಸ ಮಾಡಿದ ಗೆಳತಿಯೊಬ್ಬರು 2023ರಲ್ಲಿ ಮೊಬೈಲಿಗೆ ಬಂದ ಇಂಥದೇ ಒಂದು ಆಹ್ವಾನ ನಂಬಿ ಚೀಟಿ ಎತ್ತಿದ 60,000 ರೂಪಾಯಿ ಹಾಕಿದ್ದರು. ಪರದೆಯ ಮೇಲೆ ಅದು ಎರಡೇ ತಿಂಗಳಲ್ಲಿ 1,10,000 ಆಗಿತ್ತು. ತೆಗೆಯಲು ಹೋದಾಗ ಮೊದಲು 18,000 ‘ತೆರಿಗೆ’ ಕಟ್ಟಿ ಎಂಬ ಉತ್ತರ ಬಂತು. ಕಟ್ಟಿದರು. ಆಮೇಲೆ ‘ಪರಿಶೀಲನಾ ಶುಲ್ಕ’. ಆಮೇಲೆ ಮೌನ. ಸರ್ಕಾರದ ತೆರಿಗೆಯನ್ನು ಯಾವ ಅಪರಿಚಿತನ ಖಾತೆಗೂ ಹಾಕುವಂತಿಲ್ಲ ಎಂಬ ಒಂದು ಮಾತು ಆ ಆಹ್ವಾನದಲ್ಲಿ ಎಲ್ಲೂ ಇರಲಿಲ್ಲ.

“ಪೊಲೀಸರಿಗೆ ಹೇಳೋಣ ನಡೀರಿ, 1930ಕ್ಕೆ ಫೋನ್ ಮಾಡಿದರೂ ದೂರು ತಗೋತಾರೆ” ಎಂದೆ.

“ಬೇಡ ಕಣ್ರೀ. ನಮ್ಮನೆಯವರಿಗೆ ಈ ದುಡ್ಡಿದ್ದದ್ದೇ ಗೊತ್ತಿಲ್ಲ” ಎಂದರು.

ನನ್ನ ವಿಮರ್ಶೆಯ ಮುಖ್ಯ ಮಾತು ಇಲ್ಲಿದೆ. ಅಕ್ಕಿ ಡಬ್ಬದಲ್ಲಿ, ಸೀರೆಯ ಮಡಿಕೆಯಲ್ಲಿ ಹೆಂಗಸು ದುಡ್ಡಿಡುವುದು ಕಳ್ಳತನಕ್ಕಲ್ಲ. ಮಗಳ ಫೀಸಿಗೆ, ತವರಿನ ಕಷ್ಟಕ್ಕೆ, ಯಾರನ್ನೂ ಕೇಳದೆ ಒಂದು ಆಸ್ಪತ್ರೆಯ ಬಿಲ್ಲಿಗೆ. 2016ರ ನವೆಂಬರಿನಲ್ಲಿ 500, 1000ದ ನೋಟು ರದ್ದಾದಾಗ ಅಂಥ ಎಷ್ಟೋ ಡಬ್ಬಗಳು ಗಂಡಸರ ಮುಂದೆ ತೆರೆದುಕೊಂಡವು. ಹಾಗೆ ಒಮ್ಮೆ ಬಯಲಾದವಳಿಗೆ ಪಾಸ್‌ವರ್ಡಿನ ಹಿಂದಿರುವ, ಯಾರಿಗೂ ಕಾಣದ ಹಣ ಎಂದರೆ ಆಸೆಯಾಗುವುದು ಸಹಜ. ಆದರೆ ಗುಟ್ಟಿನ ಹಣ ಗುಟ್ಟಾಗಿಯೇ ಕಳೆಯುತ್ತದೆ. ಕದ್ದವನ ಹೆಸರು ತಿಳಿಯದು; ಕಳೆದುಕೊಂಡವಳು ತನ್ನ ಹೆಸರು ಹೇಳಳು. ವಾಕ್ಯದಲ್ಲಿ ಕರ್ತೃವೂ ಇಲ್ಲ, ಕೇಳುವವರೂ ಇಲ್ಲ.

ನ್ಯಾಯವಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ಬೇಗನೆ ಬಿಟ್‌ಕಾಯಿನ್ ಕೊಂಡು ಜೋಪಾನ ಮಾಡಿದವರು ಲಾಭ ಪಡೆದದ್ದು ಸುಳ್ಳಲ್ಲ. ಚೀಟಿ ನಡೆಸಿ ಓಡಿಹೋದವರು ನಮ್ಮ ಊರುಗಳಲ್ಲೂ ಇದ್ದಾರೆ. ಅಜ್ಜಂಪುರದ ಈರುಳ್ಳಿಯ ಬೆಲೆಯೂ ನೆಲಕಚ್ಚುತ್ತದೆ. ಆದರೆ ಈರುಳ್ಳಿಯಿಂದ ಹುಳಿಯನ್ನಾದರೂ ಮಾಡಬಹುದು. ಚೀಟಿಯವಳ ಮನೆ ಯಾವ ಬೀದಿಯಲ್ಲಿದೆ ಎಂದು ಗೊತ್ತಿರುತ್ತದೆ; ಹೋಗಿ ಜಗಲಿಯ ಮೇಲೆ ಕೂತು ಕೇಳಬಹುದು. ಬ್ಯಾಂಕು ಮುಳುಗಿದರೆ 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಭಾರತದ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯ ಕಳುವಾದಾಗ ಗ್ರಾಹಕರಿಗೆ ಅಂಥ ವಿಮೆಯೇನೂ ಇರಲಿಲ್ಲ; ತಿಂಗಳುಗಟ್ಟಲೆ ಕಾದರು.

ನಮ್ಮ ಹತ್ತು ರೂಪಾಯಿಯ ನೋಟನ್ನು ಒಮ್ಮೆ ಓದಿ. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಒಂದು ಪುಟ್ಟ ವಾಕ್ಯವಿದೆ: ನೋಟು ತಂದವರಿಗೆ ಇಷ್ಟು ರೂಪಾಯಿ ಕೊಡುವುದಾಗಿ ನಾನು ವಚನ ಕೊಡುತ್ತೇನೆ ಎಂದು. ಕೆಳಗೆ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ. ಎಷ್ಟು ಸವೆದ ನೋಟಾದರೂ ಅದರಲ್ಲಿ ‘ನಾನು’ ಎಂಬ ಕರ್ತೃಪದವಿದೆ. 2022ರ ಡಿಸೆಂಬರಿನಲ್ಲಿ ಬೆಂಗಳೂರು ಸೇರಿ ನಾಲ್ಕು ನಗರಗಳಲ್ಲಿ ಪ್ರಯೋಗಕ್ಕೆ ಬಿಟ್ಟ ಡಿಜಿಟಲ್ ರೂಪಾಯಿಯ ಹಿಂದೆಯೂ ಅದೇ ಹೊಣೆಯಿದೆ. ಅಂದರೆ ಹಣ ಕಾಗದವೋ ಮೊಬೈಲೋ ಎಂಬುದು ಪ್ರಶ್ನೆಯಲ್ಲ.

ಇನ್ನು ಮುಂದೆ ಇಂಥ ಆಹ್ವಾನ ನಿಮ್ಮ ಮೊಬೈಲಿಗೆ ಬಂದಾಗ ಲಾಭದ ಅಂಕಿಯನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ಕೊಡುವೆನು, ತೆಗೆದುಕೊಳ್ಳುವೆನು, ನಷ್ಟವಾದರೆ ಹೊಣೆಯಾಗುವೆನು ಎಂದು ಹೇಳುವ ಒಬ್ಬರ ಹೆಸರು, ಊರು ಅದರಲ್ಲಿದೆಯೇ ನೋಡಿ. ಓದಿದ್ದನ್ನು ಮನೆಯಲ್ಲೋ ಸಂಘದಲ್ಲೋ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿ. ಗಟ್ಟಿಯಾಗಿ ಓದಲು ಸಂಕೋಚವಾಗುವ ಕಾಗದಕ್ಕೆ ದುಡ್ಡು ಹಾಕುವುದು ಬೇಡ.