ರೆಕ್ಕೆಯ ಗೆರೆಯೋ, ಕೊರಳಿನ ದನಿಯೋ: ಎಲೆ ಉಲಿಯಕ್ಕಿಗಳ ಗುರುತಿನ ಬಗ್ಗೆ ಒಂದು ತಕರಾರು

ಕಾಸರಗೋಡಿನ ನಮ್ಮ ಅಡಿಕೆ ತೋಟದ ಮೇಲ್ಗಡೆ ಒಂದು ಕಾಡಿನ ತುಂಡು ಉಂಟು, ನಡುವೆ ತೋಡು. ನನ್ನ ತಕರಾರು ಹುಟ್ಟಿದ್ದು ಅಲ್ಲಿ.

ಚಳಿಗಾಲಕ್ಕೆ ಬರುವ ವಾರ್ಬ್ಲರ್‌ಗಳನ್ನು ಮಲಯಾಳದಲ್ಲಿ ಪೊಡಿಕ್ಕುರುವಿ ಅನ್ನುತ್ತಾರೆ, ನಾವು ಉಲಿಯಕ್ಕಿ ಅನ್ನುತ್ತೇವೆ. ಒಂದು ಹೆಸರು ಗಾತ್ರ ನೋಡಿದ್ದು, ಇನ್ನೊಂದು ದನಿ ಕೇಳಿದ್ದು. ನಾನು ಕನ್ನಡದ ಹೆಸರಿನ ಪಕ್ಷ, ಅಭಿಮಾನಕ್ಕಲ್ಲ.

ನಮ್ಮ ಕೈಪಿಡಿಗಳ ಚಿತ್ರಪುಟ ನೋಡಿ. ಗ್ರೀನಿಶ್, ಲಾರ್ಜ್-ಬಿಲ್ಡ್, ವೆಸ್ಟರ್ನ್ ಕ್ರೌನ್ಡ್, ಟೈಟ್ಲರ್ಸ್, ಎಲ್ಲವೂ ಪಕ್ಕಕ್ಕೆ ತಿರುಗಿ ಫೋಟೋಕ್ಕೆ ನಿಂತ ಹಾಗೆ ಕೂತಿವೆ. ರೆಕ್ಕೆಯಲ್ಲಿ ಒಂದು ಗೆರೆಯಾದರೆ ಗ್ರೀನಿಶ್, ನೆತ್ತಿಯ ನಡುವೆ ತಿಳಿಪಟ್ಟಿ ಇದ್ದರೆ ವೆಸ್ಟರ್ನ್ ಕ್ರೌನ್ಡ್, ಗೆರೆಯೇ ಇಲ್ಲದೆ ಉದ್ದ ತೆಳು ಕೊಕ್ಕಾದರೆ ಟೈಟ್ಲರ್ಸ್. ಸುಳ್ಳಲ್ಲ. ಆದರೆ ಮರದಡಿ ನಿಂತವನಿಗೆ ಕಾಣುವುದು ಹಕ್ಕಿಯ ಹೊಟ್ಟೆ ಮಾತ್ರ, ಅದೂ ಎರಡು ಸೆಕೆಂಡು. ಜೊತೆಗೆ ಆ ರೆಕ್ಕೆಗೆರೆ ಎಂಬುದು ಗರಿಗಳ ತಿಳಿ ತುದಿ ಅಷ್ಟೇ, ಸವೆದರೆ ಗೆರೆಯೇ ಮಾಯ. ಹೊಸ ಗರಿಯ ಗ್ರೀನಿಶ್‌ನಲ್ಲಿ ಕೆಲವೊಮ್ಮೆ ಎರಡನೆಯ ಗೆರೆಯ ಛಾಯೆಯೂ ಕಾಣುತ್ತದೆ. ತಿಂಗಳು ಬದಲಾದರೆ ಬದಲಾಗುವ ಗುರುತನ್ನು ಮೊದಲ ಗುರುತು ಮಾಡಿದ್ದೇ ತಪ್ಪು.

ಕರೆಯ ವಿವರಣೆ ಪುಸ್ತಕದಲ್ಲಿ ಇಲ್ಲವೆಂದಲ್ಲ, ಉಪ್ಪಿನಕಾಯಿಯ ಹಾಗೆ ಕೊನೆಗೆ ಬಡಿಸಿರುತ್ತಾರೆ. ಗ್ರೀನಿಶ್‌ನದ್ದು ಚುರುಕಾದ ‘ಚಿಸ್-ಲೀ’. ಲಾರ್ಜ್-ಬಿಲ್ಡ್‌ನದ್ದು ಸಿಳ್ಳೆಯಂಥ ‘ದಿರ್-ಟೀ’, ಎರಡನೆಯ ಸ್ವರ ಮೇಲೇರುತ್ತದೆ. ಒಮ್ಮೆ ಕಿವಿಗೆ ಹತ್ತಿದರೆ ಬಿಡುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಓದಿದಾಗ ಎಲ್ಲಿ ಎಳೆಯಬೇಕೋ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಹ್ರಸ್ವ, ದೀರ್ಘ ಉಂಟಲ್ಲ. ಸ್ವರದ ಏರಿಳಿತಕ್ಕೆ ಮಾತ್ರ ನಮ್ಮ ಲಿಪಿಯೂ ಸಾಲದು, ಒಪ್ಪುತ್ತೇನೆ.

ಇದು ಹೊಸ ಮಾತಲ್ಲ. ಒಂದೇ ಹಕ್ಕಿ ಅಂದುಕೊಂಡಿದ್ದ ಇಂಗ್ಲೆಂಡಿನ ವಿಲ್ಲೋ-ರೆನ್‌ಗಳನ್ನು ಗಿಲ್ಬರ್ಟ್ ವೈಟ್ 1768ರಲ್ಲೇ ಹಾಡಿನಿಂದ ಮೂರು ಎಂದು ಬೇರೆ ಮಾಡಿದ್ದರು. ಚಳಿಗಾಲದಲ್ಲಿ ಹಾಡು ಎಲ್ಲಿ ಅಂತ ನೀವು ಕೇಳಬಹುದು. ಹಾಡು ಕಡಿಮೆ, ಕರೆ ಧಾರಾಳ. ತಮಿಳುನಾಡಿನ ಮುಂಡಂತುರೈಯಲ್ಲಿ ಅಧ್ಯಯನ ಮಾಡಿದ ಗ್ರೀನಿಶ್‌ಗಳು ಚಳಿಗಾಲದಲ್ಲೂ ತಮ್ಮ ತಮ್ಮ ಜಾಗ ಕಾಯುತ್ತವೆ. ಬೇಲಿಯ ಬದಲು ಕರೆ!

ಈಗ ನನ್ನ ಕಥೆ. ಎರಡು ಚಳಿಗಾಲ ನಾನು ಕ್ಯಾಮೆರಾ ಹಿಡಿದು, ಗೆರೆ ನೋಡಿ, ಕಂಡದ್ದನ್ನೆಲ್ಲ ‘ಗ್ರೀನಿಶ್’ ಎಂದು ಬರೆದೆ. ಮೂರನೆಯ ವರ್ಷ ಕ್ಯಾಮೆರಾ ಕೆಟ್ಟಿತ್ತು. ತೋಟದಲ್ಲಿ ಕೊನೆ ತೆಗೆಯುವ ಅಣ್ಣ ಮರದ ಮೇಲಿಂದಲೇ, “ತೋಡಿನ ಆಚೆಯದ್ದು ಬೇರೆ ಮಾರಾಯ್ರೇ, ಅದು ಸಿಳ್ಳೆ ಹಾಕ್ತದೆ” ಎಂದರು. ಕೂತು ಕೇಳಿದೆ. ಕಾಡಿನೊಳಗೆ ‘ದಿರ್-ಟೀ’, ತೋಟದಲ್ಲಿ ‘ಚಿಸ್-ಲೀ’. ಹಳೆಯ ಪಟ್ಟಿಗಳಲ್ಲಿ ಧ್ವನಿಯ ಟಿಪ್ಪಣಿ ಒಂದೂ ಇರಲಿಲ್ಲ, ಫೋಟೋಗಳಲ್ಲಿ ಬಹುಪಾಲು ಬರೀ ಹೊಟ್ಟೆ. ಎಲ್ಲವನ್ನೂ ‘ಎಲೆ ಉಲಿಯಕ್ಕಿ, ಜಾತಿ ತಿಳಿಯದು’ ಎಂದು ತಿದ್ದಿದೆ. ನಾಚಿಕೆಯಾಯಿತು.

ಇದು ನನ್ನ ನಾಚಿಕೆಗಷ್ಟೇ ನಿಲ್ಲುವುದಿಲ್ಲ. ಲಾರ್ಜ್-ಬಿಲ್ಡ್‌ಗೆ ದಟ್ಟ, ತೇವದ ಕಾಡು ಬೇಕು. ಗ್ರೀನಿಶ್ ತೋಟದಲ್ಲೂ ಬದುಕುತ್ತದೆ. ಎರಡನ್ನೂ ಒಂದೇ ಹೆಸರಲ್ಲಿ ಬರೆದರೆ, ನಾಳೆ ಆ ಕಾಡಿನ ತುಂಡು ರಬ್ಬರಾದಾಗ ಹೋದದ್ದು ಯಾವುದೆಂದು ನಮ್ಮ ಪಟ್ಟಿ ಹೇಳಲಾರದು.

ಚರ್ಚೆಯಲ್ಲಿ ಒಬ್ಬ ಮೇಡಂ ಕೇಳಿದರು: ಗ್ರೀನ್ ವಾರ್ಬ್ಲರ್ ಬಂದರೆ ಕಿವಿ ಏನು ಮಾಡುತ್ತದೆ? ಸರಿಯಾದ ಪೆಟ್ಟು. ಅದರ ಕರೆ ಗ್ರೀನಿಶ್‌ಗೆ ತೀರಾ ಹತ್ತಿರ, ಸಾಮಾನ್ಯವಾಗಿ ಒಂದು ತುಣುಕು ಹೆಚ್ಚು, ಮೂರು ಮಾತ್ರೆಯ ಹಾಗೆ. ಹುಬ್ಬು, ಗಂಟಲಿನ ಹಳದಿಯನ್ನೂ ನೋಡಲೇಬೇಕು. ಅಲ್ಲಿ ನನ್ನ ವಾದ ಕುಂಟುತ್ತದೆ. ಹಾಗಾಗಿ ಈಗ ಮೊಬೈಲಿನಲ್ಲಿ ಕರೆ ರೆಕಾರ್ಡ್ ಮಾಡಿಕೊಳ್ಳುತ್ತೇನೆ, ಆಮೇಲೆ ಬೈನಾಕ್ಯುಲರ್ ಎತ್ತುತ್ತೇನೆ. ಅಷ್ಟರಲ್ಲಿ ಹಕ್ಕಿ ಹಾರಿದ್ದೂ ಉಂಟು.