ಓಡುತ್ತಿದ್ದವನಿಗೆ ಓಟವೇ ಎಡೆ

ನಾರ್ವೆಯ ಮಾಟ್ಸ್ ಸ್ಟೀನ್ 2014ರ ನವೆಂಬರ್ 18ರಂದು ತೀರಿಕೊಂಡಾಗ ಅವನಿಗೆ 25 ವರ್ಷ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಎಂಬ ಕಾಯಿಲೆ ಚಿಕ್ಕಂದಿನಿಂದಲೇ ಅವನ ಸ್ನಾಯುಗಳನ್ನು ತಿನ್ನುತ್ತ ಬಂದಿತ್ತು. ಮೊದಲು ನಡಿಗೆ ಹೋಯಿತು, ಆಮೇಲೆ ಕೈಗಳ ಬಲ. ಬೆರಳುಗಳಲ್ಲಿ ಉಳಿದಿದ್ದ ಕಸುವಿನಲ್ಲೇ ಅವನು ದಿನದ ಬಹುಪಾಲು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆನ್‌ಲೈನ್ ಗೇಮ್ ಆಡುತ್ತಿದ್ದ. ಮಗ ಗೆಳೆತನ ಕಾಣಲಿಲ್ಲ, ಪ್ರೀತಿ ಕಾಣಲಿಲ್ಲ, ಇನ್ನೊಬ್ಬರಿಗೆ ಬೇಕಾದವನಾಗಿ ಬಾಳುವ ಸುಖವನ್ನೂ ಕಾಣಲಿಲ್ಲ ಎಂಬುದು ತಂದೆ ರಾಬರ್ಟ್, ತಾಯಿ ಟ್ರೂಡೆ ಅವರ ಕೊರಗು. ಮಗನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿ, ಕೆಳಗೆ ಇಮೇಲ್ ವಿಳಾಸ ಕೊಟ್ಟರು. ಪತ್ರಗಳು ಬರತೊಡಗಿದವು. ಬರೆದವರನ್ನು ಇವರು ಎಂದೂ ಕಂಡಿರಲಿಲ್ಲ. ಅವರೆಲ್ಲ ಬರೆದದ್ದು ಐಬೆಲಿನ್ ಎಂಬುವನ ಬಗ್ಗೆ. ಆ ಆಟದೊಳಗೆ ಮಾಟ್ಸ್‌ನ ಹೆಸರು ಅದು.

ಬೆಂಜಮಿನ್ ರೀ ನಿರ್ದೇಶಿಸಿದ 'ದಿ ರಿಮಾರ್ಕಬಲ್ ಲೈಫ್ ಆಫ್ ಐಬೆಲಿನ್' ಸಾಕ್ಷ್ಯಚಿತ್ರ ಈ ಪತ್ರಗಳ ಜಾಡು ಹಿಡಿದು ಹೊರಡುತ್ತದೆ. 2024ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ನಿರ್ದೇಶನದ ಪ್ರಶಸ್ತಿಯೂ ಪ್ರೇಕ್ಷಕರ ಪ್ರಶಸ್ತಿಯೂ ಬಂದವು. ಅದೇ ವರ್ಷದ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ನೋಡಿದವರು ಅತ್ತದ್ದನ್ನು ಬೇಕಾದಷ್ಟು ಬರೆದಿದ್ದಾರೆ. ನನಗೆ ಅದು ರೋಗಿಯೊಬ್ಬನ ಕಥೆಗಿಂತ ಹೆಚ್ಚಾಗಿ, ಮುಖ ನೋಡದೆ ಕೂಡಿಕೊಂಡ ಒಂದು ತಂಡ ತನ್ನವನೊಬ್ಬ ಸತ್ತಾಗ ಏನು ಮಾಡಬಲ್ಲದು ಎಂಬುದರ ದಾಖಲೆ.

ಮೊದಲ ಭಾಗದಲ್ಲಿ ಮನೆಯವರು ತೆಗೆದ ವಿಡಿಯೊಗಳಿವೆ. ಆಡುವ ಮಗು, ತಡವರಿಸುವ ಹುಡುಗ, ಗಾಲಿಕುರ್ಚಿ, ಕಡೆಗೆ ಅಂತ್ಯಕ್ರಿಯೆ. ಕಥೆ ಮುಗಿಯಿತು ಎನ್ನುವಾಗ ರೀ ಹಿಂದಕ್ಕೆ ಹೋಗಿ ಅದೇ ವರ್ಷಗಳನ್ನು ಆಟದ ಒಳಗಿನಿಂದ ಮತ್ತೆ ಹೇಳುತ್ತಾರೆ. ಅದು ಸಾಧ್ಯವಾದದ್ದು ಸ್ಟಾರ್‌ಲೈಟ್ ಎಂಬ ಗಿಲ್ಡಿನ ದೆಸೆಯಿಂದ. ಆಟದಲ್ಲಿ ಒಟ್ಟಿಗೆ ತಿರುಗುವ ತಂಡಕ್ಕೆ ಗಿಲ್ಡ್ ಎನ್ನುತ್ತಾರೆ. ಸ್ಟಾರ್‌ಲೈಟಿನವರು ಬರೀ ಕಾದಾಡುವವರಲ್ಲ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತ ಆಡುವವರು. ಆ ಮಾತುಕತೆ, ನಡೆ ಎಲ್ಲ ಬರಹದಲ್ಲಿ ಉಳಿದಿತ್ತು, ಸುಮಾರು 42,000 ಪುಟ. ಆ ಪುಟಗಳಿಂದಲೇ ಸಂಭಾಷಣೆ ತೆಗೆದು ನಟರಿಂದ ಆಡಿಸಿ, ಆಟದ್ದೇ ಮರ ಮನೆ ಬೆಟ್ಟಗಳ ನಡುವೆ ಆನಿಮೇಷನ್ ಮಾಡಿದ್ದಾರೆ. ಮಗ ಏನೂ ಕಾಣಲಿಲ್ಲ ಎಂದುಕೊಂಡಿದ್ದ ಕೋಣೆಯಲ್ಲಿ ಅವನು ಪ್ರೀತಿಸಿದ್ದೂ ನಕ್ಕದ್ದೂ ಜಗಳವಾಡಿದ್ದೂ ನಮ್ಮ ಕಣ್ಣೆದುರಿಗೆ ಬರುತ್ತದೆ.

ನೆದರ್‌ಲ್ಯಾಂಡ್ಸಿನ ಹುಡುಗಿಯೊಬ್ಬಳ ಕಂಪ್ಯೂಟರನ್ನು ಅಪ್ಪ ಅಮ್ಮ ಕಿತ್ತಿಟ್ಟಾಗ ಮಾಟ್ಸ್ ಅವರಿಗೊಂದು ಪತ್ರ ಬರೆದ. ಈ ಆಟ ಅವಳಿಗೆ ಏನು ಎಂಬುದನ್ನು ದೊಡ್ಡವರಿಗೆ ತಿಳಿಹೇಳುವ ಪತ್ರ. ಡೆನ್ಮಾರ್ಕಿನ ತಾಯಿಯೊಬ್ಬರಿಗೆ ಆಟಿಸಂ ಇರುವ ಮಗನ ಹತ್ತಿರ ಸುಳಿಯುವುದೇ ಕಷ್ಟವಾಗಿತ್ತು. ಇಬ್ಬರೂ ಆಟದೊಳಗೆ ಜೊತೆಯಾಗಿ ತಿರುಗಿ ಎಂದು ದಾರಿ ತೋರಿದವನು ಇವನು. ಇದಿಷ್ಟನ್ನೇ ಹೇಳಿ ರೀ ನಿಲ್ಲಿಸಿದ್ದರೆ ಮಾಟ್ಸ್ ಗೋಡೆಗೆ ತೂಗುಹಾಕಿದ ಪಟವಾಗಿಬಿಡುತ್ತಿದ್ದ. ಹಾಗೆ ಮಾಡಿಲ್ಲ. ಕಾಯಿಲೆ ಏರುತ್ತಿದ್ದ ದಿನಗಳಲ್ಲಿ ಅವನು ಸಿಡುಕಿದ್ದು, ಹತ್ತಿರದವರನ್ನೇ ಚುಚ್ಚಿ ನೋಯಿಸಿದ್ದು, ತಂಡದವರು ಬೇಸತ್ತದ್ದು ಎಲ್ಲ ಇದೆ. ತನ್ನ ದೇಹದ ಸ್ಥಿತಿಯನ್ನು ಎಷ್ಟೋ ವರ್ಷ ಅವರಿಂದ ಮುಚ್ಚಿಟ್ಟಿದ್ದವನ ಮಾತಿನ ಹಿಂದಿನ ನೋವು ಅವರಿಗೆ ಹೇಗೆ ಗೊತ್ತಾಗಬೇಕು? ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂಬ ನಮ್ಮ ಶ್ರದ್ಧಾಂಜಲಿ ಸಭೆಗಳ ರೂಢಿಯನ್ನು ಈ ಭಾಗ ಒಪ್ಪುವುದಿಲ್ಲ. ಚಿತ್ರದ ಅತ್ಯುತ್ತಮ ಭಾಗ ಇದೇ ಎಂದು ನನ್ನ ಅನಿಸಿಕೆ.

ಆದರೆ ಒಂದು ತಕರಾರಿದೆ. ಅವನಿಂದ ಇಷ್ಟು ಜನಕ್ಕೆ ಉಪಕಾರವಾಯಿತು, ಆದ್ದರಿಂದ ಅವನ ಬಾಳು ದಂಡವಾಗಲಿಲ್ಲ ಎಂಬ ಧಾಟಿಗೆ ಚಿತ್ರ ಮತ್ತೆ ಮತ್ತೆ ಜಾರುತ್ತದೆ. ಅಂಗವಿಕಲನೊಬ್ಬನ ಬದುಕಿಗೆ ಹೊರಗಿನವರು ಬಂದು ಸರ್ಟಿಫಿಕೇಟ್ ಕೊಡಬೇಕೇ? ಯಾರಿಗೂ ಪತ್ರ ಬರೆಯದೆ, ಯಾರನ್ನೂ ಒಂದುಗೂಡಿಸದೆ ಸುಮ್ಮನೆ ಆಡಿಕೊಂಡಿದ್ದು ಹೋಗಿದ್ದರೂ ಅವನ 25 ವರ್ಷಕ್ಕೆ ಬೆಲೆ ಇರುತ್ತಿತ್ತು. ಇನ್ನೊಂದು ಮಾತು: ಆಟದಲ್ಲಿ ಮಾಟ್ಸ್ ಬಚ್ಚಿಟ್ಟುಕೊಂಡಿದ್ದ ದೇಹವನ್ನೇ ಚಿತ್ರ ಮೊದಲು ತೋರಿಸುತ್ತದೆ. ಬ್ಲಾಗಿನಲ್ಲಿ ಅವನೇ ತನ್ನ ಕಾಯಿಲೆಯ ಬಗ್ಗೆ ಬರೆದಿದ್ದ, ನಿಜ. ಆದರೂ ತಂಡದವರೊಡನೆ ನಡುರಾತ್ರಿ ಆಡಿದ ಮಾತು ಲೋಕಕ್ಕೆಲ್ಲ ಕೇಳಲಿ ಎಂದು ಅವನು ಒಪ್ಪಿದ್ದನೇ ಎಂಬ ಪ್ರಶ್ನೆಯನ್ನು ಚಿತ್ರ ಎತ್ತಿಕೊಳ್ಳಬೇಕಿತ್ತು.

ಅಂತ್ಯಕ್ರಿಯೆಗೆ ಸ್ಟಾರ್‌ಲೈಟಿನ ಕೆಲವರು ಬೇರೆ ಬೇರೆ ದೇಶಗಳಿಂದ ಓಸ್ಲೊಗೆ ಬಂದರು. ಅವರ ಪರವಾಗಿ ಒಬ್ಬರು ಮಾತಾಡುತ್ತ, ಈ ಹೊತ್ತಿನಲ್ಲಿ ಎಲ್ಲೆಲ್ಲಿ ಮಾಟ್ಸ್‌ಗಾಗಿ ಮೇಣದಬತ್ತಿ ಉರಿಯುತ್ತಿದೆ, ಯಾರು ಯಾರು ಅವನನ್ನು ನೆನೆಯುತ್ತಿದ್ದಾರೆ ಎಂದು ಹೆಸರಿಸುತ್ತ ಹೋದರು. ನೆದರ್‌ಲ್ಯಾಂಡ್ಸಿನ ಒಂದು ತರಗತಿ, ಐರ್ಲೆಂಡಿನ ಕಾಲ್ ಸೆಂಟರ್, ಸ್ವೀಡನ್ನಿನ ಲೈಬ್ರರಿ, ಫಿನ್‌ಲ್ಯಾಂಡಿನ ಪುಟ್ಟ ಬ್ಯೂಟಿ ಪಾರ್ಲರ್, ಡೆನ್ಮಾರ್ಕಿನ ಪುರಸಭೆ ಕಚೇರಿ. ಆ ಪಟ್ಟಿಯಲ್ಲಿ ಹೊಗಳಿಕೆಯ ಒಂದು ಮಾತೂ ಇಲ್ಲ. ಗೇಮ್ ಆಡುವವರು ಎಂದರೆ ಕೆಲಸವಿಲ್ಲದವರು ಎಂದುಕೊಂಡಿದ್ದವರ ಮುಂದೆ, ಮಗುವಿಗೆ ಪಾಠ ಹೇಳುವವರು, ಪುಸ್ತಕ ಎತ್ತಿಡುವವರು, ಕಡತ ನೋಡುವವರು ಕೈ ಕೆಲಸ ಬಿಟ್ಟು ನಿಂತ ಚಿತ್ರ ಅದು.

ಸ್ಟಾರ್‌ಲೈಟ್ ಅಷ್ಟಕ್ಕೇ ಬಿಡಲಿಲ್ಲ. ಐಬೆಲಿನ್ ಓಟಗಾರ. ಆಟಕ್ಕಿಳಿದ ಕೂಡಲೇ ಮೊದಲು ಒಂದು ಸುತ್ತು ಓಡಿಬರುವುದು ಅವನ ಅಭ್ಯಾಸ. ಕುರ್ಚಿಯಿಂದ ಏಳಲಾರದವನು ಅಲ್ಲಿ ಕಾಡು ದಾಟಿ, ನೀರು ದಾಟಿ ಓಡುತ್ತಿದ್ದ. ಹಾಗಾಗಿ ಅವನ ನೆನಪಿಗೆ ಆಟದೊಳಗೆ ಸೇರಿದಾಗ ತಂಡದವರೂ ಓಡುತ್ತಾರೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವಲ್ಲ, ಎಲೆಯ ಮೇಲೆ ಬರಬೇಕಾದದ್ದು ಸತ್ತವರಿಗೆ ಇಷ್ಟವಾದದ್ದು. ಒಬ್ಬರಿಗೆ ಕಜ್ಜಾಯ, ಒಬ್ಬರಿಗೆ ಕೋಳಿಸಾರು, ಸೇದುತ್ತಿದ್ದ ತಾತನಿಗೆ ಒಂದು ಕಟ್ಟು ಬೀಡಿ. ಅದನ್ನಿಡಲು ಆ ಮನುಷ್ಯರ ಜೊತೆ ಉಂಡಿರಬೇಕು. ಆನ್‌ಲೈನ್ ಕೂಟಗಳ ಶ್ರದ್ಧಾಂಜಲಿಯನ್ನು ನಾನು ಅಳೆಯುವುದೂ ಇದೇ ಅಳತೆಯಲ್ಲಿ: ಹೋದವರಿಗೆ ಏನು ಇಷ್ಟವಿತ್ತು ಎಂಬುದು ಉಳಿದವರಿಗೆ ಗೊತ್ತಿದೆಯೇ?

ಫೇಸ್‌ಬುಕ್ 2009ರಲ್ಲಿ ಸತ್ತವರ ಪ್ರೊಫೈಲನ್ನು ಸ್ಮರಣೆಯ ಪುಟವಾಗಿ ಬದಲಿಸುವ ಏರ್ಪಾಡು ತಂದಿತು. ಯಾರಾದರೂ ತಿಳಿಸಿದರೆ ಹೆಸರಿನ ಜೊತೆಗೆ ಸ್ಮರಣೆಯ ಒಂದು ಪದ ಅಂಟುತ್ತದೆ, ಹುಟ್ಟುಹಬ್ಬದ ನೆನಪೋಲೆ ನಿಲ್ಲುತ್ತದೆ. ತಿಳಿಸದಿದ್ದರೆ ವರ್ಷವಾದ ಮೇಲೂ ಗೊತ್ತಿಲ್ಲದವರು ಬಂದು ಶುಭಾಶಯ ಕೋರುತ್ತಾರೆ, ಕೆಳಗೆ ಇನ್ನಾರೋ ಅವರಿಲ್ಲ ಎಂದು ತಿದ್ದುತ್ತಾರೆ. ಏರ್ಪಾಡು ಬೇಕಾದದ್ದೇ, ಆದರೆ ಅದು ಬೀಗ ಹಾಕುವ ಕೆಲಸ. ಎಲ್ಲ ಸತ್ತವರಿಗೂ ಒಂದೇ ಪದ. ಅದರ ಕೆಳಗೆ ನಾವು ಹಾಕುವ 'ಓಂ ಶಾಂತಿ', 'ಆರ್‌ಐಪಿ', ಜೋಡಿಸಿದ ಕೈಗಳ ಚಿತ್ರ ಕೂಡ ಯಾರಿಗೆ ಬೇಕಾದರೂ ಹೊಂದುವಂಥವು.

ಇಷ್ಟವನ್ನು ಅರಿತು ಮಾಡಿದ ಸ್ಮರಣೆಗೂ ಏಟು ಬೀಳದಿರುವುದಿಲ್ಲ. 2006ರಲ್ಲಿ ಇದೇ ವಾರ್‌ಕ್ರಾಫ್ಟಿನಲ್ಲಿ, ತೀರಿಕೊಂಡ ಆಟಗಾರ್ತಿಯೊಬ್ಬಳಿಗೆ ಗೆಳೆಯರು ಶೋಕಸಭೆ ಏರ್ಪಡಿಸಿದರು. ಆಟದಲ್ಲಿ ಮೀನು ಹಿಡಿಯುವುದು, ಹಿಮ ಅವಳಿಗೆ ಪ್ರಿಯ ಎಂದು ಹಿಮದ ನಾಡಿನ ನೀರಿನ ದಡವನ್ನೇ ಆರಿಸಿದ್ದರು. ಸಭೆಯ ವಿಷಯ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು. 'ಸೆರೆನಿಟಿ ನೌ' ಎಂಬ ಎದುರಾಳಿ ಗಿಲ್ಡ್ ನುಗ್ಗಿ, ಸಾಲಾಗಿ ನಿಂತಿದ್ದವರನ್ನೆಲ್ಲ ಕೊಚ್ಚಿಹಾಕಿ, ಅದರ ವಿಡಿಯೊ ಮಾಡಿ ಹರಡಿತು. ಅದು ಎದುರು ಪಕ್ಷದವರನ್ನು ಹೊಡೆಯಬಹುದಾದ ಸರ್ವರ್, ಆದ್ದರಿಂದ ನಿಯಮ ಮುರಿದಿಲ್ಲ ಎಂಬ ವಾದ ಆಗ ಕೇಳಿಬಂತು, ಈಗಲೂ ಕೇಳುತ್ತದೆ. ನಾನು ಒಪ್ಪುವುದಿಲ್ಲ. ಸತ್ತವಳು ಪಾತ್ರವಲ್ಲ, ಮನುಷ್ಯಳು; ಅಳುತ್ತಿದ್ದವರೂ ಮನುಷ್ಯರು. ಹೆಣ ಹೋಗುವಾಗ ನಾವು ದಾರಿ ಬಿಡುವುದು ಕಾನೂನು ನೋಡಿಕೊಂಡಲ್ಲ.

ಗೇಮುಗಳಿಂದ ದೂರ, ಸಾಫ್ಟ್‌ವೇರ್ ಬರೆಯುವವರ ನಡುವೆ ಇನ್ನೊಂದು ರೂಢಿ ಇದೆ. ನನ್ನ ಮಟ್ಟಿಗೆ ಅತ್ಯಂತ ಘನವಾದದ್ದು ಅದು. ಡೆಬಿಯನ್ ಎಂಬುದು ಜಗತ್ತಿನಾದ್ಯಂತದ ಸ್ವಯಂಸೇವಕರು ಸೇರಿ ಕಟ್ಟುವ ಉಚಿತ ಆಪರೇಟಿಂಗ್ ಸಿಸ್ಟಮ್. ನಮ್ಮಲ್ಲಿ ಬಹಳ ಜನ ಬಳಸುವ ಉಬುಂಟು ಅದರ ಮೇಲೆಯೇ ನಿಂತಿದೆ. ಅದರ 2.2ನೇ ಆವೃತ್ತಿ 2000ದ ಆಗಸ್ಟಿನಲ್ಲಿ ಹೊರಬಂದಾಗ ಅದನ್ನು ಜೋಯೆಲ್ ಕ್ಲೆಕರ್ ಎಂಬ ಸದಸ್ಯನಿಗೆ ಅರ್ಪಿಸಿದರು. ಹಿಂದಿನ ತಿಂಗಳಷ್ಟೇ, 21ನೇ ವಯಸ್ಸಿನಲ್ಲಿ ಅವನು ತೀರಿಕೊಂಡಿದ್ದ. ಅವನನ್ನು ತಿಂದದ್ದೂ ಡುಶೆನ್. ಹಾಸಿಗೆಯಲ್ಲಿದ್ದುಕೊಂಡೇ ಅವನು ಕೆಲಸ ಮಾಡುತ್ತಿದ್ದಾನೆ ಎಂಬುದು ಜೊತೆಯವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಮಾಟ್ಸ್‌ಗಿಂತ 14 ವರ್ಷ ಹಿಂದೆ, ಇನ್ನೊಂದು ಖಂಡದಲ್ಲಿ, ಅದೇ ಕಾಯಿಲೆಯ ಹುಡುಗ ಹಾಗೆಯೇ ಅದನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದಿದ್ದ. ಅಲ್ಲಿ ಅವನನ್ನು ಅಳೆದದ್ದು ಅವನ ಕೆಲಸದಿಂದ. ಸತ್ತ ಮೇಲೆ ಸಂದ ಗೌರವವೂ ಕೆಲಸದ ರೂಪದಲ್ಲೇ ಬಂತು: ಅವನು ಕೈಹಾಕಿದ್ದ ವಸ್ತುವಿಗೇ ಅವನ ಹೆಸರು ಸೇರಿತು. ಡೆಬಿಯನ್ ಸ್ಥಾಪಕ ಇಯನ್ ಮರ್ಡಾಕ್ 2015ರ ಡಿಸೆಂಬರಿನಲ್ಲಿ ತೀರಿಕೊಂಡಾಗಲೂ ಹೀಗೆಯೇ ಆಯಿತು. 2017ರ ಆವೃತ್ತಿಯನ್ನು ಅವರಿಗೆ ಅರ್ಪಿಸಲಾಯಿತು. ಸ್ಥಾಪಕನಿಗೂ 21ರ ಹುಡುಗನಿಗೂ ಸಂದದ್ದು ಒಂದೇ ಬಗೆಯ ಗೌರವ. ಮಂತ್ರಿ ಸತ್ತರೆ ಸರ್ಕಲ್, ಗುಮಾಸ್ತ ಸತ್ತರೆ ಎರಡು ನಿಮಿಷ ಮೌನ ಎನ್ನುವ ನಮ್ಮ ಸಂಘ ಸಂಸ್ಥೆಗಳು ಇದನ್ನು ನೋಡಬೇಕು.

ಆದರೆ ಡೆಬಿಯನ್ನಿನವರಿಗೆ ಇರುವ ಒಂದು ಬಲ ಸ್ಟಾರ್‌ಲೈಟಿಗೆ ಇಲ್ಲ. ಡೆಬಿಯನ್ ಅದನ್ನು ಕಟ್ಟಿದವರದೇ. ಐಬೆಲಿನ್ ಓಡಿದ ನೆಲ ಬ್ಲಿಝಾರ್ಡ್ ಎಂಬ ಕಂಪನಿಯದು. ಚಿತ್ರದ ಬಹುಪಾಲು ಕೆಲಸ ಮುಗಿಸಿಯೇ ರೀ ಆ ಕಂಪನಿಗೆ ಹೋಗಿ ತೋರಿಸಿ ಅನುಮತಿ ಕೇಳಿದರು. ಅವರು ಒಪ್ಪಿದರು. ಬೇಡವೆಂದಿದ್ದರೆ ಒಬ್ಬ ಹುಡುಗನ ಅರ್ಧ ಜೀವನ ತೆರೆಗೆ ಬರುತ್ತಿರಲಿಲ್ಲ.

ನೆನಪು ಕಂಪನಿಯೊಂದರ ನೆಲದಲ್ಲಿರುವುದು ದೂರದವರ ತೊಂದರೆ ಎಂದುಕೊಳ್ಳಬೇಕಿಲ್ಲ. ಮಾಟ್ಸ್ ಸಾಯುವುದಕ್ಕೆ ಇನ್ನೂ ಎರಡು ತಿಂಗಳೂ ಇಲ್ಲದಿದ್ದಾಗ, 2014ರ ಸೆಪ್ಟೆಂಬರ್ 30ರಂದು ಗೂಗಲ್ ತನ್ನ ಆರ್ಕುಟ್ ಜಾಲತಾಣವನ್ನು ಮುಚ್ಚಿತು. ಕನ್ನಡದ ಒಂದು ಪೀಳಿಗೆ ಇಂಟರ್ನೆಟ್ಟಿನಲ್ಲಿ ಮೊದಲು ಹರಟಿದ್ದು ಅಲ್ಲಿ. ಹೋದವರ ಸ್ಕ್ರ್ಯಾಪ್‌ಬುಕ್ಕಿಗೆ ಹೋಗಿ ಬರೆದು ಬರುತ್ತಿದ್ದವರಿದ್ದರು. ತಮ್ಮ ಖಾತೆಯಲ್ಲಿದ್ದದ್ದನ್ನು ಇಳಿಸಿಕೊಳ್ಳಲು ಬದುಕಿದ್ದವರಿಗೆ ಅವಕಾಶ ಕೊಟ್ಟರು, ಸತ್ತವರ ಖಾತೆಗೆ ಕೇಳುವವರಾರು?

ಈಗಿನ ನಮ್ಮ ಜಗಲಿ ವಾಟ್ಸ್ಆ್ಯಪ್. ಅಲ್ಲಿ 120 ದಿನ ಬಳಸದ ಖಾತೆ ಸಾಮಾನ್ಯವಾಗಿ ಅಳಿದುಹೋಗುತ್ತದೆ. ತಿಥಿಯೆಲ್ಲ ಮುಗಿದು ಎಷ್ಟೋ ದಿನದ ಮೇಲೆ, ಹಳೆ ಸಹಪಾಠಿಗಳ ಗ್ರೂಪಿನಲ್ಲಿ, ಬೆಳಗಿನ ಶುಭೋದಯಗಳ ನಡುವೆ, ಹೋದವರು ಗ್ರೂಪ್ ತೊರೆದರು ಎಂಬ ಬೂದು ಬಣ್ಣದ ಒಂದು ಸಾಲು ಅಡ್ಮಿನ್‌ಗೆ ಕಾಣಿಸಿಕೊಳ್ಳುತ್ತದೆ. ಬೇಸರಗೊಂಡು ಎದ್ದುಹೋದವರಿಗೂ ಅದೇ ಸಾಲು.

ಸ್ಟಾರ್‌ಲೈಟಿನವರು 42,000 ಪುಟ ಉಳಿಸಿಕೊಂಡದ್ದು ಸಾವನ್ನು ನೆನೆದಲ್ಲ. ತಮ್ಮ ಮಾತು ಉಳಿಯತಕ್ಕದ್ದು ಎಂಬ ಅಕ್ಕರೆಯಿಂದ. ನಮ್ಮ ಗ್ರೂಪುಗಳಲ್ಲೂ ಅಡುಗೆಯ ಹದ ಹೇಳಿಕೊಟ್ಟವರು, ಗಿಡದ ಹೆಸರು ಗುರುತಿಸುತ್ತಿದ್ದವರು, ಪದಬಂಧ ಬಿಡಿಸುತ್ತಿದ್ದವರು ಇದ್ದರು, ಇದ್ದಾರೆ. ಅವರು ಹೋದಾಗ ಕೈಮುಗಿದ ಚಿತ್ರ ಹಾಕಿದ ಮೇಲೆ ಗ್ರೂಪಿನಲ್ಲಿ ಒಬ್ಬರಾದರೂ ಹಿಂದಕ್ಕೆ ಸರಿದು ಅವರ ಮಾತುಗಳನ್ನು ಹುಡುಕಬೇಕು. ಆ ಚಾಟನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಗಿಡಗಳ ಬಗ್ಗೆ ಅವರು ಬರೆದದ್ದನ್ನೆಲ್ಲ ಒಂದು ಕಡೆ ಸೇರಿಸಿ ಎಲ್ಲರಿಗೂ ಕಳಿಸಬೇಕು. ಒಂದು ಭಾನುವಾರದ ಕೆಲಸ ಅದು.