ಗೆದ್ದ ಮೇಲೂ ಆಡುವ ಆಟ

ಬಳ್ಳಾರಿ ಸೀಮೆಯಲ್ಲಿ ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ಕಥೆ ಗೊತ್ತಿಲ್ಲದ ಪ್ರೇಕ್ಷಕ ಸಿಗುವುದು ಕಷ್ಟ. ಅಶ್ವತ್ಥಾಮ ರಾತ್ರೋರಾತ್ರಿ ಉಪಪಾಂಡವರನ್ನು ಕೊಲ್ಲುತ್ತಾನೆ ಎಂಬುದು ಪರದೆ ಏಳುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ನಾಟಕದ ಮಾಸ್ತರನ್ನು ಕರೆಸಿ, ತಾಲೀಮು ನಡೆಸಿ, ಸೀನರಿ ಬಾಡಿಗೆಗೆ ತಂದು ಅದನ್ನೇ ಆಡುತ್ತಾರೆ. ಜನ ಬೆಳಗಿನ ಜಾವದವರೆಗೂ ಕದಲದೆ ನೋಡುತ್ತಾರೆ. ಈ ಸಲದ ಶಕುನಿ ಹೋದ ಸಲದವನಿಗಿಂತ ಮೇಲೋ ಕೆಳಗೋ, ದ್ರೌಪದಿಯ ಪಾತ್ರಕ್ಕೆ ಬಂದಾಕೆ ಹಾಡನ್ನು ಎಲ್ಲಿ ಎಳೆದಳು, ಪೇಟಿ ಮಾಸ್ತರು ಅದನ್ನು ಹೇಗೆ ಹಿಡಿದರು ಎಂಬ ಚರ್ಚೆ ಮರುದಿನ ಚಹಾದಂಗಡಿಯಲ್ಲಿ ನಡೆಯುತ್ತದೆ.

ಇಂಥ ಸೀಮೆಯಲ್ಲಿ ಹುಟ್ಟಿದವರೇ ಮಕ್ಕಳನ್ನು ‘ಮುಗಿಸಿದ ವಿಡಿಯೊ ಗೇಮನ್ನೇ ಮತ್ತೆ ಯಾಕೆ ಆಡ್ತೀಯೋ’ ಎಂದು ಬೈಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಗೊತ್ತಿರುವುದಕ್ಕೇ ಮರಳಿ ಹೋಗುವ ರುಚಿ ಇಲ್ಲಿ ಹೊಸದಲ್ಲ. ವಿಡಿಯೊ ಗೇಮಿನಲ್ಲೂ ಆ ರುಚಿಗೆ ಈಗ ನಾಲ್ಕು ದಶಕಗಳ ಪರಂಪರೆ ಬೆಳೆದಿದೆ. ಅದನ್ನು ಹೊಗಳಿ ಬಿಡುವುದು ಸುಲಭ, ಬೈದು ಬಿಡುವುದು ಇನ್ನೂ ಸುಲಭ. ನಾನು ಅದನ್ನು ಅಳೆಯುವುದು ಎರಡು ಪ್ರಶ್ನೆಗಳಿಂದ. ಬಿಟ್ಟು ಹೋದವನು ವರ್ಷಗಳ ಮೇಲೆ ಬಂದರೆ ಆಟ ಅವನಿಗೆ ಏನು ಕೊಡುತ್ತದೆ? ಅದಕ್ಕೂ ಮೊದಲು, ಬಿಟ್ಟು ಹೋಗಲು ಅವನನ್ನು ಬಿಡುತ್ತದೆಯೇ?

ಮೊದಲ ತಲೆಮಾರಿನ ಆಟಗಳು ಬಳ್ಳಾರಿಗೆ ಬಂದದ್ದು ಟಿವಿಗೆ ಸಿಕ್ಕಿಸುವ ಅಗ್ಗದ ಪೆಟ್ಟಿಗೆಗಳಲ್ಲಿ. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದವು ಕೆಲವೇ ಕೆಲವು. ಅವುಗಳಲ್ಲಿ ಎರಡು ಇಂದಿಗೂ ಸತ್ತಿಲ್ಲ: 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಮತ್ತು 1987ರ ‘ಕಾಂಟ್ರಾ’. ಮಾರಿಯೊ ಆಟ ಪೂರ್ತಿಯಾಗಿ 40 ಕಿಲೋಬೈಟ್. ಇವತ್ತು ವಾಟ್ಸ್ಆ್ಯಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟು ಜಾಗದಲ್ಲಿ ಶಿಗೆರು ಮಿಯಾಮೊಟೊ ತಂಡ 32 ಹಂತಗಳನ್ನು ಕಟ್ಟಿತು.

ಮೊದಲ ಹಂತದ ಮೊದಲ ಕೆಲವು ಹೆಜ್ಜೆಗಳನ್ನೇ ನೋಡಿ. ಮಾರಿಯೊ ಎಡಕ್ಕೆ ನಿಂತಿದ್ದಾನೆ, ಬಲಕ್ಕೆ ಬರೀ ಬಯಲು. ಹಾಗಾಗಿ ಯಾರೂ ಹೇಳದೆಯೇ ಬಲಕ್ಕೆ ನಡೆಯುತ್ತೇವೆ. ಎದುರಿಂದ ಒಂದು ಪ್ರಾಣಿ ಬರುತ್ತದೆ, ಗಾಬರಿಯಿಂದ ಹಾರುತ್ತೇವೆ. ಹಾರಿದಾಗ ಮೇಲಿನ ಪ್ರಶ್ನಾರ್ಥಕ ಚಿಹ್ನೆಯ ಇಟ್ಟಿಗೆಗೆ ತಲೆ ತಾಗಿ ನಾಣ್ಯ ಬರುತ್ತದೆ. ಇನ್ನೊಂದಕ್ಕೆ ತಾಗಿದರೆ ಅಣಬೆ ಹೊರಬಿದ್ದು ಬಲಕ್ಕೆ ಉರುಳಿ, ಕೊಳವೆಗೆ ಬಡಿದು, ನಮ್ಮ ಕಡೆಗೇ ತಿರುಗಿ ಬರುತ್ತದೆ. ಓದು ಬಾರದ ಮಗುವಿಗೂ ನಾಲ್ಕು ನಿಯಮ ತಿಳಿಯಿತು. ಈ ಪಾಠ ಎಲ್ಲೂ ಕಾಣದಂತೆ ಅಡಗಿದೆ. ನೂರನೇ ಸಲ ಆಡುವವನು ಅದನ್ನು ಪಾಠವೆಂದು ಕಾಣದೆ ಓಟವೆಂದು ಕಾಣುತ್ತಾನೆ. ಒಂದೇ ಹಂತ ಹೊಸಬನಿಗೆ ಗುರು, ಹಳಬನಿಗೆ ಗರಡಿ. ಮರಳಿ ಬರುವ ಆಟದ ಮೊದಲ ಲಕ್ಷಣ ಇದೇ ಎಂದು ನನಗೆ ಅನಿಸುತ್ತದೆ.

‘ಕಾಂಟ್ರಾ’ದ ಗುಣ ಬೇರೆ. ಅದು ಇಬ್ಬರ ಆಟ. ಮೂರನೇ ಹಂತದಲ್ಲಿ ಜಲಪಾತದ ಪಕ್ಕ ಮೇಲೆ ಹತ್ತಬೇಕು. ಒಬ್ಬ ಅವಸರದಿಂದ ಹತ್ತಿದರೆ ತೆರೆ ಮೇಲೇರುತ್ತದೆ, ಕೆಳಗಿದ್ದವನು ಕಾಲಡಿಯ ನೆಲವಿಲ್ಲದೆ ಸಾಯುತ್ತಾನೆ. ಈ ಒಂದು ನಿಯಮದಿಂದ ಎಷ್ಟು ಮನೆಗಳಲ್ಲಿ ಅಣ್ಣ ತಮ್ಮಂದಿರು ಜಗಳವಾಡಿದರೋ! ‘ನಿಂದ್ರಲೇ, ನಾ ಬರ್ತೀನಿ’ ಎಂದು ಕೂಗುವುದು, ಕಾಯುವುದು, ಕಾಯದೆ ಇರುವುದು ಎಲ್ಲವೂ ಆಟದ ಭಾಗವೇ. ಅಂಥ ಆಟಕ್ಕೆ ಮರಳುವವನು ಹಂತಗಳಿಗೆ ಮಾತ್ರ ಮರಳುವುದಿಲ್ಲ, ಪಕ್ಕದಲ್ಲಿ ಕೂತವನಿಗೂ ಮರಳುತ್ತಾನೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಂಪಿಯ ಮಂಟಪಗಳ ನೆಲಗಲ್ಲಿನ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ನಮ್ಮ ಊರುಗಳ ಕಟ್ಟೆಗಳ ಮೇಲೂ ಹುಲಿ-ಕುರಿ ಆಟದ ಗೆರೆಗಳನ್ನು ಹಿರಿಯರು ಗುರುತಿಸಬಲ್ಲರು. ಆ ಆಟದ ರಚನೆ ಅದ್ಭುತವಾದದ್ದು. ಒಬ್ಬನ ಕೈಯಲ್ಲಿ ಮೂರೋ ನಾಲ್ಕೋ ಹುಲಿ, ಇನ್ನೊಬ್ಬನಲ್ಲಿ ಹದಿನೈದರ ಆಸುಪಾಸಿನ ಕುರಿ. ಕುರಿಗಳನ್ನು ಒಂದೊಂದಾಗಿ ಇಡಬೇಕು, ಎಲ್ಲವನ್ನೂ ಇಡುವ ತನಕ ಒಂದನ್ನೂ ಕದಲಿಸುವಂತಿಲ್ಲ. ಅಷ್ಟರಲ್ಲಿ ಹುಲಿ ಓಡಾಡಿ ಜಿಗಿದು ತಿನ್ನುತ್ತದೆ. ಎರಡು ಕಡೆಯ ಬಲ ಸಮವಲ್ಲ, ನಿಯಮವೂ ಸಮವಲ್ಲ, ಆದರೂ ಆಟ ಸಮ. ಆಡಿದವರು ಪಕ್ಷ ಬದಲಿಸಿ ಮತ್ತೆ ಆಡುತ್ತಾರೆ. ಇಂದಿನ ವಿಡಿಯೊ ಗೇಮ್ ವಿನ್ಯಾಸಕಾರರು ವರ್ಷಗಟ್ಟಲೆ ತಿದ್ದಿ ಸಾಧಿಸಬೇಕಾದ ಈ ಸಮತೋಲ ಒಂದಿಷ್ಟು ಬೆಣಚುಕಲ್ಲುಗಳಲ್ಲಿ ಸಾಧ್ಯವಾಗಿತ್ತು. ಹಾಗಾಗಿ ಈ ಪರಂಪರೆಯ ಬೇರು ಜಪಾನ್ ಅಮೆರಿಕಗಳಲ್ಲಿ ಮಾತ್ರ ಇದೆ ಎಂದು ನಾನು ಒಪ್ಪುವುದಿಲ್ಲ.

2000ದ ನಂತರದ ಬಳ್ಳಾರಿಯಲ್ಲಿ ಇಂಟರ್ನೆಟ್ ಸೆಂಟರುಗಳು, ಗೇಮ್ ಅಂಗಡಿಗಳು ಎದ್ದವು. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಂಪ್ಯೂಟರಿನ ಮುಂದೆ ಕೂರುವುದು. ಒಂದೇ ಕೋಣೆಯ ಯಂತ್ರಗಳನ್ನು ಕೇಬಲ್ಲಿನಿಂದ ಜೋಡಿಸಿ ‘ಕೌಂಟರ್ ಸ್ಟ್ರೈಕ್’ ಆಡುವುದು. ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ಯುವಕರು ‘ಹಾಫ್ ಲೈಫ್’ ಎಂಬ ಇನ್ನೊಂದು ಆಟವನ್ನು ತಿದ್ದಿ 1999ರಲ್ಲಿ ಹೊರತಂದ ಹವ್ಯಾಸಿ ಕೆಲಸ ಅದು. ಮರುವರ್ಷ ವಾಲ್ವ್ ಕಂಪನಿ ಅದನ್ನು ತನ್ನದಾಗಿ ಬಿಡುಗಡೆ ಮಾಡಿತು. ಅದರ ‘ಡಸ್ಟ್ 2’ ಎಂಬ ಬಯಲನ್ನು ಡೇವ್ ಜಾನ್ಸ್ಟನ್ ರೂಪಿಸಿದ್ದು 2001ರಲ್ಲಿ. ಬಾಂಬ್ ಇಡಲು ಎರಡು ಜಾಗ, ಅಲ್ಲಿಗೆ ಹೋಗಲು ಬೆರಳೆಣಿಕೆಯ ದಾರಿ. ಇಪ್ಪತ್ತು ವರ್ಷ ಮೀರಿದರೂ ಅದರ ಮೂಲ ವಿನ್ಯಾಸ ಬದಲಾಗಿಲ್ಲ, ಕಬಡ್ಡಿಯ ಅಂಕಣ ಬದಲಾಗದ ಹಾಗೆ. ಸುತ್ತು ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಮೊದಲು ಸತ್ತವನು ಉಳಿದವರ ಆಟ ನೋಡುತ್ತಾ ಕೂರಬೇಕು. ಬಳ್ಳಾರಿಯ ಅಂಗಡಿಗಳಲ್ಲಿ ಆ ನೋಡುವವನೇ ದೊಡ್ಡ ಕಾಮೆಂಟರಿಗಾರ; ಕನ್ನಡ, ತೆಲುಗು, ಉರ್ದು ಮೂರೂ ಒಂದೇ ವಾಕ್ಯದಲ್ಲಿ ಬರುತ್ತಿದ್ದವು. ನಾಟಕ ನೋಡಿದ ಮರುದಿನದ ಚಹಾದಂಗಡಿಯ ವಿಮರ್ಶೆ ಇಲ್ಲಿ ಆಗಿಂದಾಗಲೇ ನಡೆಯುತ್ತಿತ್ತು.

ಆದರೆ ಆ ಕೋಣೆಯಲ್ಲಿ ಹುಡುಗಿಯರು ಇರಲಿಲ್ಲ. ಈ ಪರಂಪರೆಯ ದೊಡ್ಡ ಕೊರತೆ ಇದು, ಇದನ್ನು ಮುಚ್ಚಿಡಬಾರದು. ಚೌಕಾಬಾರ, ಅಳಗುಳಿಮನೆಗಳನ್ನು ಉಳಿಸಿಕೊಂಡು ಬಂದವರು ಹೆಂಗಸರು. ಆಟ ಮನೆಯ ಪಡಸಾಲೆಯಿಂದ ಎದ್ದು ಅಂಗಡಿಗೆ ಹೋದಾಗ ಅವರನ್ನು ಹೊರಗೆ ಬಿಟ್ಟಿತು. ಅಂಗಡಿಯ ವಾತಾವರಣವೂ, ಹುಡುಗರ ಬಾಯಿಯೂ, ಮನೆಯವರ ಭಯವೂ ಸೇರಿ ಹಾಗಾಯಿತು. ಮುಂದೆ ಫೋನು ಬಂದ ಮೇಲೆ, ಅದರಲ್ಲೂ 2020ರ ಲಾಕ್‌ಡೌನಿನಲ್ಲಿ, ‘ಲೂಡೊ ಕಿಂಗ್’ ಮನೆಮಂದಿಯನ್ನೆಲ್ಲ ಮತ್ತೆ ಒಂದು ಮಣೆಯ ಸುತ್ತ ಕೂರಿಸಿತು. ಆ ಆಟವನ್ನು ಗಂಭೀರ ಗೇಮರ್‌ಗಳು ಹಗುರವಾಗಿ ಕಾಣುತ್ತಾರೆ. ಅಜ್ಜಿ, ಸೊಸೆ, ಮೊಮ್ಮಗಳು ಒಟ್ಟಿಗೆ ಆಡಿದ ಆಟವನ್ನು ಹಗುರವೆನ್ನಲು ನನಗೆ ಮನಸ್ಸಿಲ್ಲ.

ಬಳ್ಳಾರಿ ಹುಡುಗರು ಅತಿ ಹೆಚ್ಚು ಸಲ ಮರಳಿದ ಆಟ ಯಾವುದೆಂದರೆ ನಾನು ‘ಜಿಟಿಎ ವೈಸ್ ಸಿಟಿ’ ಎನ್ನುತ್ತೇನೆ. 2002ರಲ್ಲಿ ಪ್ಲೇಸ್ಟೇಷನ್ನಿಗೆ, ಮರುವರ್ಷ ಕಂಪ್ಯೂಟರಿಗೆ ಬಂದ ಆಟ. ಕಥೆ ನಡೆಯುವುದು 1986ರಲ್ಲಿ, ಮಯಾಮಿಯನ್ನು ಹೋಲುವ ಊರಿನಲ್ಲಿ. ಕಟ್ಟುತ್ತಿರುವ ಕಟ್ಟಡದೊಳಗೆ ಆಟಿಕೆ ಹೆಲಿಕಾಪ್ಟರಿನಿಂದ ನಾಲ್ಕು ಬಾಂಬ್ ಇಡುವ ಕೆಲಸವೊಂದು ಬರುತ್ತದೆ. ಕೀಬೋರ್ಡಿನಲ್ಲಿ ಅದನ್ನು ಹಾರಿಸಲಾಗದೆ ಕಥೆಯನ್ನು ಅಲ್ಲಿಗೇ ಬಿಟ್ಟವರು ಬಹಳ. ಅವರು ಕಥೆ ಬಿಟ್ಟರು, ಊರು ಬಿಡಲಿಲ್ಲ. ‘ಪ್ಯಾಂಜರ್’ ಎಂದು ಟೈಪಿಸಿ ಟ್ಯಾಂಕ್ ಇಳಿಸಿಕೊಂಡು, ಸಮುದ್ರದಂಡೆಯಲ್ಲಿ ಬೈಕ್ ಓಡಿಸಿಕೊಂಡು, ರೇಡಿಯೊ ಕೇಳಿಕೊಂಡು ಅಲೆದರು. ಸಂಭಾಷಣೆಯ ಇಂಗ್ಲಿಷ್ ಅರ್ಥವಾಗದ ಕಡೆ ತಮ್ಮದೇ ಕಥೆ ಕಟ್ಟಿಕೊಂಡರು. ನಮ್ಮ ಬೈಕುಗಳನ್ನು, ಸಿನಿಮಾ ಹೀರೊಗಳ ಪೋಸ್ಟರುಗಳನ್ನು ತುಂಬಿ ತಿದ್ದಿದ ಆವೃತ್ತಿಗಳು ಸಿಡಿಗಳಲ್ಲಿ ಕೈಯಿಂದ ಕೈಗೆ ಹೋದವು.

ಅದರ ದೋಷಗಳು ಸಣ್ಣವಲ್ಲ. ಹೆಂಗಸರು ಅಲ್ಲಿ ಸರಕು, ದಾರಿಹೋಕರು ಗುರಿ. ಹೈಟಿ ದೇಶದವರನ್ನು ಕೊಲ್ಲುವ ಮಾತಿಗೆ ಆ ಸಮುದಾಯ 2003ರಲ್ಲಿ ಪ್ರತಿಭಟಿಸಿದ ಮೇಲೆ ಕಂಪನಿ ಆ ಮಾತನ್ನು ತೆಗೆಯಬೇಕಾಯಿತು. ಎಳೆಯರ ಕೈಗೆ ಕೊಡುವ ಆಟ ಅದಲ್ಲ, ನಮ್ಮಲ್ಲಿ ಆಡಿದವರು ಎಳೆಯರೇ. ಇಷ್ಟನ್ನು ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಆ ಆಟ ಆಡುವವನಿಗೆ ಒಂದು ಊರನ್ನು ಬಿಟ್ಟುಕೊಟ್ಟು ಸುಮ್ಮನಾಗುತ್ತಿತ್ತು. ‘ನಿನ್ನೆ ಯಾಕೆ ಬರಲಿಲ್ಲ’ ಎಂದು ಕೇಳುತ್ತಿರಲಿಲ್ಲ.

ಹಾಗೆ ಕೇಳುವ ಆಟಗಳು ಆಮೇಲೆ ಬಂದವು. 2018ರಲ್ಲಿ ಫೋನಿಗೆ ಬಂದ ‘ಪಬ್ಜಿ’ಯ ಗುಣವನ್ನು ಮೊದಲು ಹೇಳಬೇಕು. ಎಂಟು ಕಿಲೋಮೀಟರ್ ಉದ್ದಗಲದ ದ್ವೀಪ, ನೂರು ಜನ, ಕುಗ್ಗುತ್ತಾ ಬರುವ ವೃತ್ತ. ಪ್ರತಿ ಸಲ ಬೇರೆ ಕಥೆ. ಬೆಂಗಳೂರಿಗೆ ಕೆಲಸಕ್ಕೆ ಹೋದ ಸಿರುಗುಪ್ಪದ ಹುಡುಗ ರಾತ್ರಿ ಊಟ ಮುಗಿಸಿ ಊರಲ್ಲಿರುವ ಗೆಳೆಯರ ಜೊತೆ ಇಳಿಯುತ್ತಾನೆ. ‘ಪೊಚಿಂಕಿಗೆ ಬ್ಯಾಡಲೇ, ಸಾಯ್ತೀವಿ’, ‘ನಾಕ್ ಆದೆ, ರಿವೈವ್ ಮಾಡಪಾ’ ಎನ್ನುತ್ತಲೇ ನಡುನಡುವೆ ಗದ್ದೆಗೆ ನೀರು ಬಿಟ್ಟರಾ, ಅಪ್ಪನ ಮೊಣಕಾಲು ನೋವು ಹೆಂಗೈತಿ ಎಂದೂ ವಿಚಾರಿಸುತ್ತಾನೆ. ಊರಿನ ಕಟ್ಟೆ ಫೋನಿನೊಳಗೆ ಬಂದಂತಾಯಿತು.

ಅದೇ ಆಟದಲ್ಲಿ ಸೀಸನ್ನುಗಳಿವೆ, ದುಡ್ಡು ಕೊಟ್ಟು ಕೊಳ್ಳುವ ಪಾಸುಗಳಿವೆ, ದಿನದಿನದ ಕೆಲಸಗಳಿವೆ, ಕೆಲವೇ ದಿನ ಸಿಗುವ ಅಂಗಿ ಟೋಪಿಗಳಿವೆ. ಇಂದು ಬರದಿದ್ದರೆ ನಷ್ಟ ಎಂಬ ಭಾವವನ್ನು ಆಟದೊಳಗೇ ಹೊಲಿದಿದ್ದಾರೆ. ಬಿಡುವವನನ್ನು ಹೀಗೆ ಹಿಡಿದು ನಿಲ್ಲಿಸುವುದನ್ನು ನಾನು ಮರಳುವಿಕೆ ಎಂದು ಕರೆಯಲಾರೆ. ‘ಮಾರಿಯೊ’ಗೆ ಹತ್ತು ವರ್ಷ ಬಿಟ್ಟು ಬಂದರೂ ಅಣಬೆ ಅದೇ ಕೊಳವೆಗೆ ಬಡಿದು ತಿರುಗುತ್ತದೆ, ಇಲ್ಲಿ ಒಂದು ಸೀಸನ್ ತಪ್ಪಿದರೆ ರ್‍ಯಾಂಕ್ ಇಳಿದಿರುತ್ತದೆ.

ಇನ್ನೊಂದು ಅಪಾಯವನ್ನು ನಮ್ಮ ಹುಡುಗರು ಕಣ್ಣಾರೆ ಕಂಡಿದ್ದಾರೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಇತರ ಆ್ಯಪ್‌ಗಳ ಜೊತೆ ‘ಪಬ್ಜಿ’ಯನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ‘ಬಿಜಿಎಂಐ’ ಎಂಬ ಹೆಸರಲ್ಲಿ ಬಂದದ್ದು 2022ರ ಜುಲೈಯಲ್ಲಿ ಮತ್ತೆ ಆ್ಯಪ್ ಅಂಗಡಿಗಳಿಂದ ಹೋಯಿತು, 2023ರ ಮೇನಲ್ಲಿ ಮರಳಿತು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆಟ ಕಂಪನಿಯ ಸರ್ವರಿನಲ್ಲಿದ್ದರೆ ಆಡುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಖಚಿತವಾಯಿತು. ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಎಂಬ ಕಾರ್ ಆಟದ ಸರ್ವರನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ ದುಡ್ಡು ಕೊಟ್ಟು ಕೊಂಡವರಿಗೂ ಆಟ ಇಲ್ಲವಾಯಿತು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ‘ವೈಸ್ ಸಿಟಿ’ಗೂ ಇದೇ ಗತಿ ಬರುವುದಿತ್ತು. 2021ರಲ್ಲಿ ಹೊಸ ಹೊಳಪು ಕೊಟ್ಟ ಆವೃತ್ತಿ ತರುವಾಗ ಆ ಆಟದ ಕಂಪನಿ ರಾಕ್‌ಸ್ಟಾರ್ ಹಳೆಯದನ್ನು ಮಾರಾಟದಿಂದ ತೆಗೆದಿತ್ತು. ಹೊಸದರ ತುಂಬ ತಪ್ಪುಗಳಿದ್ದವು. ಆಡುವವರು ಗಲಾಟೆ ಮಾಡಿದ ಮೇಲೆ ಹಳೆಯದನ್ನೂ ಮತ್ತೆ ಕೊಟ್ಟಿತು.

ದುಡ್ಡು ಕಟ್ಟಿ ಆಡುವ ರಮ್ಮಿಯಂಥ ಆ್ಯಪ್‌ಗಳನ್ನು ಈ ಪರಂಪರೆಗೆ ಸೇರಿಸಲು ನಾನು ಒಪ್ಪುವುದಿಲ್ಲ. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ನಿಷೇಧದ ಕಾಯ್ದೆ ಮಾಡಿತು. ಅದು ಜೂಜಿನ ಕಥೆ.

ನನ್ನ ದೊಡ್ಡ ಅಸಮಾಧಾನ ನಮ್ಮ ಮೇಲೆಯೇ ಇದೆ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸ್ಟುಡಿಯೊ 1997ರಲ್ಲೇ ಶುರುವಾಗಿತ್ತು. ‘ಫೋರ್ಝಾ’ದಂಥ ಹೆಸರಾಂತ ಆಟಗಳಿಗೆ ಅಲ್ಲಿನವರು ದುಡಿದರು. 2019ರಲ್ಲಿ ಅದನ್ನು ಕೊಂಡದ್ದು ‘ವೈಸ್ ಸಿಟಿ’ ಮಾಡಿದ ಅದೇ ರಾಕ್‌ಸ್ಟಾರ್. ಹೊಯ್ಸಳರ ಹೆಸರು ಹಿಡಿದು ಪಶ್ಚಿಮಘಟ್ಟದಲ್ಲಿ ನಿಧಿ ಹುಡುಕುವ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯನ್ನು 2017ರಲ್ಲಿ ಅಮೆರಿಕದವರು ಮಾಡಿದರು. ಚಿತ್ರಗಳು ಚೆನ್ನಾಗಿವೆ, ಆದರೆ ಹೊಯ್ಸಳರು ಅಲ್ಲಿ ಬಾಡಿಗೆಯ ಸೀನರಿ. ಕೈಚಳಕ ನಮ್ಮಲ್ಲಿದೆ, ಕಥೆ ನಮ್ಮಲ್ಲಿದೆ. ಮರಳಿ ಮರಳಿ ಆಡುವ ಕನ್ನಡದ ಒಂದು ಆಟ ಮಾತ್ರ ನಮ್ಮಲ್ಲಿಲ್ಲ.

ಅದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. 40 ಕಿಲೋಬೈಟಿನಲ್ಲಿ ಆದದ್ದನ್ನು ಮೇಲೆ ಹೇಳಿದ್ದೇನೆ. ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವವರು, ಬೆಂಗಳೂರಿನಲ್ಲಿ ಬೇರೆಯವರ ಆಟಕ್ಕೆ ಬಣ್ಣ ಹಚ್ಚುತ್ತಿರುವವರು ಹುಲಿ-ಕುರಿಯಿಂದಲೇ ಶುರುಮಾಡಬಹುದು. ನಿಮ್ಮೂರಿನ ಕಟ್ಟೆಯ ಗೆರೆಗಳ ಫೋಟೊ ತೆಗೆದುಕೊಳ್ಳಿ, ಆಡಿಬಲ್ಲ ಹಿರಿಯರಿಂದ ಆ ಊರಿನ ನಿಯಮ ಕೇಳಿ ಬರೆದುಕೊಳ್ಳಿ. ಸರ್ವರ್ ಇಲ್ಲದೆ ಓಡುವ, ಒಂದೇ ಫೋನಿನಲ್ಲಿ ಇಬ್ಬರು ಎದುರುಬದುರು ಕೂತು ಆಡುವ, ದುಡ್ಡು ಕೇಳದ, ಕನ್ನಡದಲ್ಲಿ ಮಾತಾಡುವ ಆಟವನ್ನು ಮಾಡಿ. ಮೊದಲು ಅದನ್ನು ನಿಮ್ಮ ಅಜ್ಜಿಯ ಕೈಗೆ ಕೊಟ್ಟು ನೋಡಿ.